ಒಸಡಿನೊಳಗಿನ ಉರಿ

ಬೆಳಿಗ್ಗೆ ಹಲ್ಲುಜ್ಜಿ ಉಗುಳಿದ ನೊರೆಯಲ್ಲಿ ಕೆಂಪು ಎಳೆಯೊಂದು ಕಾಣಿಸಿದರೆ ನೀವೇನು ಮಾಡುತ್ತೀರಿ? ಆರೋಗ್ಯ ಮತ್ತು ವಿಜ್ಞಾನದ ಕಾರ್ಯಕ್ರಮಗಳನ್ನು ನಿರ್ಮಿಸುವುದು ನನ್ನ ವೃತ್ತಿಯಾದ್ದರಿಂದ ವೀಕ್ಷಕರ ಕಾಗದಗಳೂ ಫೋನ್ ಕರೆಗಳೂ ಮೊದಲು ನನ್ನ ಕೈಗೇ ಬರುತ್ತವೆ. ಹಲ್ಲಿನ ವಿಷಯ ಪ್ರಸಾರವಾದ ದಿನ ಈ ಪ್ರಶ್ನೆಗೆ ಮೂರು ಬಗೆಯ ಉತ್ತರ ಸಿಗುತ್ತದೆ. ‘ಉಷ್ಣ ಆಗಿದೆ ಸಾರ್, ಎಳನೀರು ಕುಡಿದೆ’ ಎನ್ನುವವರು ಕೆಲವರು. ‘ಬ್ರಷ್ಷು ಗಡಸು, ಬೇರೆ ತಂದೆ’ ಎನ್ನುವವರು ಕೆಲವರು. ಇನ್ನುಳಿದವರು ‘ರಕ್ತ ಬರುವ ಜಾಗ ಬಿಟ್ಟು ಉಜ್ಜುತ್ತಿದ್ದೇನೆ’ ಎನ್ನುತ್ತಾರೆ. ಎಳನೀರಿನಿಂದಾಗಲಿ ಹೊಸ ಬ್ರಷ್ಷಿನಿಂದಾಗಲಿ ಕೆಡುವುದೇನೂ ಇಲ್ಲ. ಮೂರನೆಯ ಉತ್ತರ ಮಾತ್ರ ಹಲ್ಲನ್ನೇ ಕಳೆಯಬಲ್ಲದು. ಈ ಬರಹ ಮುಖ್ಯವಾಗಿ ಆ ಮೂರನೆಯ ಉತ್ತರ ಕೊಟ್ಟವರಿಗಾಗಿ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆರೋಗ್ಯವಾದ ಒಸಡು ಬ್ರಷ್ಷು ತಗುಲಿದ ಮಾತ್ರಕ್ಕೆ ರಕ್ತ ಸುರಿಸುವುದಿಲ್ಲ. ಸುರಿಸಿತೆಂದರೆ ಅಲ್ಲಿ ಉರಿಯೂತ ಇದೆ. ಉರಿಯೂತವನ್ನು ಹೊತ್ತಿಸಿದ್ದು ಬ್ಯಾಕ್ಟೀರಿಯ, ನಿಜ. ಆದರೆ ಒಸಡಿನ ನಾರನ್ನು ಕಡಿಯುವ, ಹಲ್ಲು ನಿಂತ ಮೂಳೆಯನ್ನು ಕರಗಿಸುವ ಕೆಲಸದ ಬಹುಪಾಲನ್ನು ಮಾಡುವುದು ನಮ್ಮದೇ ಶರೀರದ ರಕ್ಷಣಾ ಪಡೆ. ಇಲಿಗೆ ಹೆದರಿ ಮನೆ ಸುಟ್ಟರಂತೆ ಎಂದು ಹಿರಿಯರು ಹೇಳುತ್ತಿದ್ದರಲ್ಲ, ಹೆಚ್ಚು ಕಡಿಮೆ ಅದೇ ಕಥೆ. ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಹಲ್ಲು ಒಂದು ವಿಚಿತ್ರ ಅಂಗ. ಚರ್ಮ, ಬಾಯಿಯ ಒಳಪೊರೆ, ಅನ್ನನಾಳದ ಒಳಪೊರೆ ಹೀಗೆ ನಮ್ಮ ಮೈಗೆ ಒಳಗೂ ಹೊರಗೂ ಒಂದು ಹೊದಿಕೆ ಇದೆ. ಆ ಹೊದಿಕೆಯನ್ನು ತೂರಿಕೊಂಡು ಬುಡವನ್ನು ಮೂಳೆಯಲ್ಲಿ, ತಲೆಯನ್ನು ಹೊರಗೆ ಇಟ್ಟು ನಿಂತಿರುವ ಗಟ್ಟಿ ಪದಾರ್ಥ ಹಲ್ಲು. ಗೋಡೆಯನ್ನು ಕೊರೆದು ನಲ್ಲಿಯ ಪೈಪು ಹಾಯಿಸಿದ್ದೀರಿ ಎನ್ನಿ. ಸುತ್ತಲಿನ ಸಂದಿಗೆ ಸಿಮೆಂಟು ಮೆತ್ತದಿದ್ದರೆ ಮಳೆಗಾಲದಲ್ಲಿ ಗೋಡೆ ನೆನೆಯುವುದು ಅಲ್ಲಿಂದಲೇ. ಹಲ್ಲಿನ ಕೊರಳ ಸುತ್ತ ಆ ಸಿಮೆಂಟಿನ ಕೆಲಸ ಮಾಡುವುದು ಒಸಡು. ಅದರ ಮೇಲಂಚು ಹಲ್ಲಿಗೆ ಅಂಟಿಕೊಂಡಿರುವುದಿಲ್ಲ. ಹಲ್ಲಿಗೂ ಅದಕ್ಕೂ ನಡುವೆ 1ರಿಂದ 3 ಮಿಲಿಮೀಟರು ಆಳದ ಒಂದು ಸಂದು ಇರುತ್ತದೆ. ಸಂದಿನ ತಳದಲ್ಲಿ ತೆಳುವಾದ ಪೊರೆಯೊಂದು ಹಲ್ಲಿಗೆ ಅಂಟಿಕೊಂಡಿರುತ್ತದೆ.

ಆ ಪೊರೆಯ ಕೋಶಗಳು ಒತ್ತೊತ್ತಾಗಿ ಹೆಣೆದುಕೊಂಡಿಲ್ಲ. ನಡುನಡುವೆ ಜಾಗವಿದೆ. ಪಹರೆಯವರು ಓಡಾಡುವುದಕ್ಕೇ ಬಿಟ್ಟ ಜಾಗ ಅದು. ರಕ್ತದಿಂದ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಹಗಲೂ ರಾತ್ರಿ ಈ ದಾರಿಯಿಂದ ಬಾಯಿಗೆ ಇಳಿಯುತ್ತಿರುತ್ತವೆ. ಒಂದು ಅಂದಾಜಿನ ಪ್ರಕಾರ ನಿಮಿಷಕ್ಕೆ ಸುಮಾರು 30,000! ನೀವು ಈ ಪುಟ ಓದಿ ಮುಗಿಸುವಷ್ಟರಲ್ಲಿ ಲಕ್ಷಕ್ಕೆ ಮೀರಿ ಇಳಿದಿರುತ್ತವೆ. ಆರೋಗ್ಯ ಎಂದು ನಾವು ಕರೆಯುವ ಸ್ಥಿತಿಯಲ್ಲಿಯೂ ಅಲ್ಲಿ ಗಸ್ತು ನಿಂತದ್ದಿಲ್ಲ.

ಗಸ್ತು ಯಾರ ವಿರುದ್ಧ? ಅವರನ್ನು ಮೊದಲು ಕಂಡವನು ವೈದ್ಯನಲ್ಲ, ಬಟ್ಟೆ ವ್ಯಾಪಾರಿ. ಹಾಲೆಂಡಿನ ಡೆಲ್ಫ್ಟ್ ಊರಿನ ಆಂಟನಿ ಫಾನ್ ಲೇವನ್‌ಹುಕ್ ತಾನೇ ಮಸೂರಗಳನ್ನು ಉಜ್ಜಿ ಸೂಕ್ಷ್ಮದರ್ಶಕ ಮಾಡಿಕೊಳ್ಳುತ್ತಿದ್ದ. 1683ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಕಾಗದದಲ್ಲಿ ತನ್ನ ಹಲ್ಲಿನ ಸಂದಿಯಿಂದ ತೆಗೆದ ಬಿಳಿಯ ಲೋಳೆಯಲ್ಲಿ ಸಣ್ಣ ಜೀವಿಗಳು ಚುರುಕಾಗಿ ಓಡಾಡುವುದನ್ನು ವರ್ಣಿಸಿ, ಅವುಗಳ ಚಿತ್ರವನ್ನೂ ಇಟ್ಟ. ಅವನು ದಿನವೂ ಉಪ್ಪಿನಿಂದ ಹಲ್ಲು ತಿಕ್ಕುತ್ತಿದ್ದವನು. ಆದರೂ ಸಂದಿಯಲ್ಲಿ ಲೋಳೆ ಉಳಿಯುತ್ತಿತ್ತು. ಹುಟ್ಟಿದಾರಭ್ಯ ಬಾಯಿ ತೊಳೆಯದ ಮುದುಕನೊಬ್ಬನನ್ನು ಹುಡುಕಿ ಅವನ ಹಲ್ಲಿನ ಲೋಳೆಯನ್ನೂ ನೋಡಿದ. ಅಲ್ಲಿ ಆ ಜೀವಿಗಳ ಜಾತ್ರೆಯೇ ನೆರೆದಿತ್ತು.

ಜಾತ್ರೆ ಕಂಡಿತು, ಆದರೆ ಜಾತ್ರೆಗೂ ಕಾಯಿಲೆಗೂ ಸಂಬಂಧವೇನು ಎಂಬುದು ಮುಂದೆ 280 ವರ್ಷ ಇತ್ಯರ್ಥವಾಗಲಿಲ್ಲ. ಆರೋಗ್ಯವಂತರ ಬಾಯಲ್ಲೂ ಬ್ಯಾಕ್ಟೀರಿಯ ಇರುವಾಗ ತಪ್ಪನ್ನು ಅವುಗಳ ತಲೆಗೆ ಕಟ್ಟುವುದು ಹೇಗೆ? ವಯಸ್ಸಾದಂತೆ ಒಸಡು ಸವೆಯುತ್ತದೆ, ಆಹಾರದಲ್ಲಿ ಏನೋ ಕೊರತೆ, ಗಟ್ಟಿ ಗಾರೆ ಚುಚ್ಚಿ ಗಾಯ ಮಾಡುತ್ತದೆ, ಹೀಗೆ ತಲೆಗೊಂದು ಮಾತು ನಡೆದಿತ್ತು.

ಇದನ್ನು ಬಗೆಹರಿಸಿದ ಪ್ರಯೋಗ ಎಷ್ಟು ಸರಳ ಎಂದರೆ, ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಇಂದಿಗೂ ಅದರ ಮೇಲೆ ಒಂದು ಬಗೆಯ ಹೊಟ್ಟೆಕಿಚ್ಚು. ಡೆನ್ಮಾರ್ಕಿನ ಆರ್ಹುಸ್ ನಗರದ ದಂತವೈದ್ಯ ಕಾಲೇಜಿನಲ್ಲಿ ನಾರ್ವೆ ಮೂಲದ ಹೆರಾಲ್ಡ್ ಲೋ ಎಂಬ ಪ್ರಾಧ್ಯಾಪಕರಿದ್ದರು. ಅವರೂ ಸಹೋದ್ಯೋಗಿಗಳೂ ಆರೋಗ್ಯವಾದ ಒಸಡಿದ್ದ 12 ಮಂದಿಯನ್ನು ಆರಿಸಿಕೊಂಡರು. ಬಹುತೇಕ ಎಲ್ಲರೂ ದಂತವೈದ್ಯ ವಿದ್ಯಾರ್ಥಿಗಳು. ಅವರಿಗೆ ಕೊಟ್ಟ ಔಷಧ ಏನೂ ಇಲ್ಲ, ಚುಚ್ಚುಮದ್ದು ಇಲ್ಲ. ಮಾಡಬೇಕಾದದ್ದು ಒಂದೇ, ಹಲ್ಲುಜ್ಜುವುದನ್ನು ನಿಲ್ಲಿಸುವುದು. ಊಟ ತಿಂಡಿ ಎಂದಿನಂತೆ. ವಯಸ್ಸೂ ಅದೇ, ಆಹಾರವೂ ಅದೇ. ಬದಲಾದದ್ದು ಹಲ್ಲಿನ ಮೇಲೆ ಕೂಡುತ್ತಿದ್ದ ಪಾಚಿ ಮಾತ್ರ.

ಕೆಲವರಿಗೆ 10 ದಿನದಲ್ಲಿ, ಉಳಿದವರಿಗೆ 15ರಿಂದ 21 ದಿನದೊಳಗೆ ಒಸಡು ಕೆಂಪಾಯಿತು, ಊದಿತು, ಮುಟ್ಟಿದರೆ ರಕ್ತ ಬಂತು. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ನಂತರ ಎಲ್ಲರ ಕೈಗೂ ಮತ್ತೆ ಬ್ರಷ್ಷು ಕೊಟ್ಟರು. ಸುಮಾರು ಒಂದು ವಾರದಲ್ಲಿ ಒಸಡುಗಳು ಮೊದಲಿನಂತಾದವು. ಈ ವರದಿ ಪ್ರಕಟವಾದದ್ದು 1965ರಲ್ಲಿ. ಒಸಡಿನ ಉರಿಯೂತಕ್ಕೆ ಕಾರಣ ಹಲ್ಲಿನ ಮೇಲಿನ ಪಾಚಿ, ಪಾಚಿ ಹೋದರೆ ಉರಿಯೂತವೂ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಲಿಲ್ಲ. ಆ ಹುಡುಗರ ಜೊತೆ ಮೂರು ವಾರ ಮಾತಾಡಬೇಕಾಗಿ ಬಂದವರ ಕಷ್ಟ ಮಾತ್ರ ಯಾವ ವರದಿಯಲ್ಲೂ ಬಂದಿಲ್ಲ.

ಪಾಚಿ ಎಂದೆ. ದಂತವೈದ್ಯರು ಪ್ಲಾಕ್ ಎನ್ನುವುದು ಇದನ್ನೇ. ಅನ್ನದಗುಳಿನ ಉಳಿಕೆ ಎಂದು ನೀವು ತಿಳಿದಿದ್ದರೆ ಅದು ಸರಿಯಲ್ಲ. ಅದು ಬ್ಯಾಕ್ಟೀರಿಯಗಳ ಊರು. ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನುಗಳು ಹಲ್ಲಿನ ಮೇಲೆ ಕಣ್ಣಿಗೆ ಕಾಣದ ಒಂದು ಲೇಪ ಹಚ್ಚುತ್ತವೆ. ಗಂಟೆಗಳಲ್ಲಿ ಸ್ಟ್ರೆಪ್ಟೊಕಾಕಸ್ ಜಾತಿಯ ದುಂಡನೆಯ ಬ್ಯಾಕ್ಟೀರಿಯಗಳು ಬಂದು ಆ ಲೇಪಕ್ಕೆ ಅಂಟಿಕೊಳ್ಳುತ್ತವೆ. ಅವು ಬೆಳೆದು, ತಮ್ಮ ಸುತ್ತ ಅಂಟಿನಂಥ ವಸ್ತುವನ್ನು ಸುರಿಸಿಕೊಂಡು ಗೂಡು ಕಟ್ಟುತ್ತವೆ. ಎರಡನೆಯ ದಿನದಿಂದ ಉದ್ದನೆಯ ಕಡ್ಡಿಯಾಕಾರದವು ಸೇರಿಕೊಳ್ಳುತ್ತವೆ. ಅವುಗಳಲ್ಲಿ ಫ್ಯೂಸೊಬ್ಯಾಕ್ಟೀರಿಯಂ ಎಂಬುದೊಂದು ದಲ್ಲಾಳಿ ಇದ್ದ ಹಾಗೆ. ಒಂದು ಕೈಯಲ್ಲಿ ಮೊದಲು ಬಂದವರನ್ನು ಹಿಡಿದು, ಇನ್ನೊಂದು ಕೈಯಲ್ಲಿ ಆಮೇಲೆ ಬರುವವರನ್ನು ಕರೆದು ಕೂರಿಸುತ್ತದೆ. ಪಾಚಿ ದಪ್ಪವಾದಂತೆ ತಳಕ್ಕೆ ಗಾಳಿ ತಲುಪುವುದಿಲ್ಲ. ಆಮ್ಲಜನಕವನ್ನು ಸಹಿಸದ ಜಾತಿಗಳಿಗೆ ಅದೇ ಸುಖ. ಒಂದು ವಾರದ ಸುಮಾರಿಗೆ ಸುರುಳಿಯಾಕಾರದ ಸ್ಪೈರೊಕೀಟ್‌ಗಳೂ ಬಂದಿರುತ್ತವೆ.

ಈ ಸ್ಪೈರೊಕೀಟ್‌ಗಳನ್ನು ತೆರೆಯ ಮೇಲೆ ತೋರಿಸಬೇಕೆಂದು ಒಮ್ಮೆ ನಾವು ದಂತವೈದ್ಯ ಕಾಲೇಜೊಂದರ ಪ್ರಯೋಗಾಲಯಕ್ಕೆ ಕ್ಯಾಮೆರಾ ಹೊತ್ತು ಹೋಗಿದ್ದೆವು. ಅಲ್ಲಿನ ವೈದ್ಯೆ ನಮ್ಮ ಲೈಟಿಂಗ್ ಸಹಾಯಕರೊಬ್ಬರನ್ನು ಕೂರಿಸಿ, ದವಡೆ ಹಲ್ಲಿನ ಸಂದಿಯಿಂದ ಚೂರೇ ಚೂರು ಪಾಚಿ ತೆಗೆದು ಗಾಜಿನ ಪಟ್ಟಿಗೆ ಸವರಿದರು. ಸೂಕ್ಷ್ಮದರ್ಶಕಕ್ಕೆ ಜೋಡಿಸಿದ್ದ ಮಾನಿಟರಿನಲ್ಲಿ ದೃಶ್ಯ ಮೂಡಿದಾಗ ಕೋಣೆಯೇ ಮೌನವಾಯಿತು. ದುಂಡನೆಯವು, ಕಡ್ಡಿಯಂಥವು, ಹಾವಿನ ಮರಿಗಳಂತೆ ನುಲಿಯುತ್ತಿದ್ದ ಸುರುಳಿಗಳು, ಅವುಗಳ ನಡುವೆ ಹಿಟ್ಟಿನ ಉಂಡೆಗಳಂತೆ ಬಿಳಿ ರಕ್ತಕಣಗಳು. ‘ಮೇಡಂ, ಇದೆಲ್ಲ ನನ್ನ ಬಾಯಲ್ಲೇ ಇತ್ತಾ?’ ಎಂದು ಸಹಾಯಕರು ಕೇಳಿದರು. ‘ಇನ್ನೂ ಇದೆ’ ಎಂದರು ವೈದ್ಯೆ. ಮಧ್ಯಾಹ್ನ ಊಟಕ್ಕೆ ಮುಂಚೆ ನಮ್ಮ ತಂಡದವರೆಲ್ಲ ಬಾಯಿ ಮುಕ್ಕಳಿಸಿದ್ದನ್ನು ನಾನು ಗಮನಿಸಿದೆ. ಮುಕ್ಕಳಿಸಿದರೆ ಅವು ಹೋಗುವುದಿಲ್ಲ, ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಈಗ ಉರಿ ಹೊತ್ತುವ ಬಗೆ. ಬ್ಯಾಕ್ಟೀರಿಯಗಳು ಒಸಡನ್ನು ಕಚ್ಚುವುದಿಲ್ಲ, ಕೊರೆಯುವುದೂ ಅಪರೂಪ. ಅವು ಹಲ್ಲಿನ ಮೇಲೆಯೇ ಕುಳಿತಿರುತ್ತವೆ. ಆದರೆ ಅವುಗಳ ಕವಚದ ಚೂರುಗಳೂ ಅವು ಬಿಡುವ ಕಿಣ್ವಗಳೂ ಕಸವೂ ಪಕ್ಕದ ಪೊರೆಯ ಸಂದುಗಳಿಂದ ಒಳಕ್ಕೆ ಜಿನುಗುತ್ತವೆ. ಅನೇಕ ಬ್ಯಾಕ್ಟೀರಿಯಗಳ ಹೊರಕವಚದಲ್ಲಿ ಕೊಬ್ಬು ಮತ್ತು ಸಕ್ಕರೆ ಬೆಸೆದುಕೊಂಡ ಲಿಪೊಪಾಲಿಸ್ಯಾಕರೈಡ್ ಎಂಬ ವಸ್ತುವಿದೆ. ಮನುಷ್ಯನ ಮೈಯಲ್ಲಿ ಅಂಥದ್ದು ತಯಾರಾಗುವುದಿಲ್ಲ. ಆದ್ದರಿಂದ ಅದು ಕಂಡಿತೆಂದರೆ ಪರಕೀಯರು ಬಂದಿದ್ದಾರೆ ಎಂದೇ ಲೆಕ್ಕ. ಒಸಡಿನ ಕೋಶಗಳ ಮೇಲೆ ಇದನ್ನು ಗುರುತಿಸುವ ಗ್ರಾಹಕಗಳಿವೆ. ಟೋಲ್ ಮಾದರಿಯ ಗ್ರಾಹಕಗಳೆಂದು ಅವುಗಳ ಹೆಸರು. ಶರೀರಕ್ಕೆ ಹುಟ್ಟಿನಿಂದಲೇ ಬಂದಿರುವ ಈ ಎಚ್ಚರಿಕೆಯ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ಬ್ರೂಸ್ ಬಾಯ್ಟ್ಲರ್ ಮತ್ತು ಜೂಲ್ಸ್ ಹಾಫ್‌ಮನ್ 2011ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಗ್ರಾಹಕಕ್ಕೆ ಚೂರು ತಗುಲಿದೊಡನೆ ಕೋಶ ಗಂಟೆ ಬಾರಿಸುತ್ತದೆ. ಗಂಟೆಯ ನಾದ ಇಲ್ಲಿ ರಾಸಾಯನಿಕ. ಇಂಟರ್‌ಲ್ಯೂಕಿನ್, ಟಿಎನ್‌ಎಫ್, ಪ್ರೊಸ್ಟಗ್ಲಾಂಡಿನ್ ಎಂದೆಲ್ಲ ಅವುಗಳ ಹೆಸರು. ಹೆಸರು ಮರೆತರೂ ಚಿಂತೆಯಿಲ್ಲ, ಕೆಲಸ ನೆನಪಿಟ್ಟುಕೊಳ್ಳಿ. ಅವು ಹತ್ತಿರದ ಲೋಮನಾಳಗಳನ್ನು ಅಗಲಿಸುತ್ತವೆ, ಅದರಿಂದ ಒಸಡು ಕೆಂಪಾಗುತ್ತದೆ. ನಾಳಗಳ ಗೋಡೆಯನ್ನು ಸಡಿಲಿಸುತ್ತವೆ, ರಕ್ತದ ದ್ರವ ಹೊರಗೆ ಸೋರಿ ಒಸಡು ಊದುತ್ತದೆ. ಹಾದುಹೋಗುತ್ತಿದ್ದ ಬಿಳಿ ರಕ್ತಕಣಗಳನ್ನು ಕರೆದು ನಾಳದಿಂದ ಇಳಿಸುತ್ತವೆ. ಪಾಚಿ ಕೂಡತೊಡಗಿದ ಎರಡರಿಂದ ನಾಲ್ಕು ದಿನದಲ್ಲಿ ಇಷ್ಟು ನಡೆದಿರುತ್ತದೆ. ಕನ್ನಡಿಯಲ್ಲಿ ನಿಮಗೆ ಏನೂ ಕಂಡಿರುವುದಿಲ್ಲ.

ಇಳಿದು ಬಂದ ನ್ಯೂಟ್ರೊಫಿಲ್‌ಗಳು ವೀರರು, ಆದರೆ ವಿವೇಕಿಗಳಲ್ಲ. ಅವುಗಳ ಹೊಟ್ಟೆಯಲ್ಲಿ ಬ್ಯಾಕ್ಟೀರಿಯವನ್ನು ಕರಗಿಸುವ ಕಿಣ್ವಗಳ ಚೀಲಗಳಿವೆ. ಪಾಚಿಯ ಅಂಟಿನ ಗೂಡನ್ನು ನುಂಗಲಾಗದೆ ಅವು ಆ ಚೀಲಗಳನ್ನು ಅಲ್ಲೇ ಒಡೆದು ಚೆಲ್ಲುತ್ತವೆ. ಕಿಣ್ವಕ್ಕೆ ನಮ್ಮವರು ಪರರು ಎಂಬ ಭೇದ ತಿಳಿಯದು. ಒಸಡಿಗೆ ಬಿಗಿ ಕೊಡುವ ಕೊಲಾಜೆನ್ ನಾರುಗಳನ್ನು ಅದು ತಿನ್ನತೊಡಗುತ್ತದೆ. ಒಸಡಿನ ಸ್ವಂತ ಕೋಶಗಳೂ ಗಂಟೆಯ ಸದ್ದಿಗೆ ಗಾಬರಿಗೊಂಡು ಅಂಥದ್ದೇ ಕಿಣ್ವಗಳನ್ನು ತಯಾರಿಸುತ್ತವೆ. ಮೊದಲ ವಾರ ಮುಗಿಯುವುದರೊಳಗೆ ಉರಿಯೂತವಿರುವ ಆ ಪುಟ್ಟ ಜಾಗದ ಕೊಲಾಜೆನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿರಬಹುದು. ಸಂದಿನ ಒಳಗೋಡೆ ತೆಳುವಾಗಿ ಅಲ್ಲಲ್ಲಿ ಹುಣ್ಣಾಗುತ್ತದೆ. ಅದರ ಬೆನ್ನಿಗೇ ಉಬ್ಬಿದ ಲೋಮನಾಳಗಳು. ಬ್ರಷ್ಷಿನ ಕೂದಲು ತಗುಲಿದರೂ ರಕ್ತ ಬರುವುದು ಇದಕ್ಕೇ. ಬ್ರಷ್ಷು ಗಾಯ ಮಾಡಿದ್ದಲ್ಲ, ಇದ್ದ ಗಾಯವನ್ನು ತೋರಿಸಿಕೊಟ್ಟದ್ದು.

ಉರಿಯೂತದ ಲಕ್ಷಣಗಳು ನಾಲ್ಕು ಎಂದು ಎರಡು ಸಾವಿರ ವರ್ಷದ ಹಿಂದೆ ರೋಮಿನ ಸೆಲ್ಸಸ್ ಬರೆದಿಟ್ಟ: ಕೆಂಪು, ಊತ, ಬಿಸಿ, ನೋವು. ಒಸಡಿನ ದುರದೃಷ್ಟವೆಂದರೆ ಇಲ್ಲಿ ನಾಲ್ಕನೆಯದು ಬಹುಮಟ್ಟಿಗೆ ಇರುವುದಿಲ್ಲ. ಹಲ್ಲು ಹುಳುಕಾದರೆ ರಾತ್ರಿ ನಿದ್ದೆ ಕೆಡುತ್ತದೆ, ಮರುದಿನ ವೈದ್ಯರ ಬಾಗಿಲಿಗೆ ಓಡುತ್ತೇವೆ. ಒಸಡು ಹಾಗೆ ಕೂಗಿ ಕರೆಯುವುದಿಲ್ಲ. ಕೂಗಿ ಕರೆಯದವರ ಕಷ್ಟ ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ, ನೋಡಿ.

ಇಲ್ಲಿಗೆ ನಿಂತರೆ ಅದು ಒಸಡಿನ ಉರಿಯೂತ, ಪೂರ್ತಿ ವಾಸಿಯಾಗುವಂಥದ್ದು. ಆರ್ಹುಸಿನ ಹುಡುಗರಿಗೆ ಆದದ್ದು ಅದೇ. ತಿಂಗಳು ವರ್ಷಗಳು ಉರಿ ಹೀಗೇ ಉರಿದರೆ ಕೆಲವರಲ್ಲಿ ಅದು ಇನ್ನೊಂದು ಮೆಟ್ಟಿಲು ಇಳಿಯುತ್ತದೆ. ಸಂದಿನ ತಳದ ಪೊರೆ ಹಲ್ಲಿನಿಂದ ಕಳಚಿಕೊಂಡು ಬೇರಿನ ಕಡೆಗೆ ಸರಿಯುತ್ತದೆ. ಸಂದು 4, 5, 6 ಮಿಲಿಮೀಟರಿನ ಜೇಬಾಗುತ್ತದೆ. ಬ್ರಷ್ಷು ಅಲ್ಲಿಗೆ ಮುಟ್ಟದು. ಉರಿಯೂತಕ್ಕೆ ಬಂದು ಸೇರಿದ ಲಿಂಫೊಸೈಟ್ ಕೋಶಗಳು ಹೊರಡಿಸುವ ಸಂಕೇತಗಳಿಂದ ಮೂಳೆ ಕರಗಿಸುವ ಕೋಶಗಳು ಎಚ್ಚೆತ್ತು, ಹಲ್ಲಿನ ಗೂಡಿನ ಮೂಳೆಯನ್ನು ಕರಗಿಸುತ್ತವೆ. ಬೆಂಕಿ ಹತ್ತಿರ ಬಂದಂತೆ ಮೂಳೆ ಹಿಂದೆ ಸರಿಯುತ್ತದೆ ಎಂದೂ ಹೇಳಬಹುದು. ಹೋದ ಮೂಳೆ ತಾನಾಗಿ ಮರಳುವುದಿಲ್ಲ. ಕೊನೆಗೆ ಒಂದು ತೂತೂ ಇಲ್ಲದ, ನೋಡಲು ಸೊಗಸಾದ ಹಲ್ಲು ಬುಡ ಅಲ್ಲಾಡಿ ಕೈಗೆ ಬರುತ್ತದೆ.

‘ಕೆಲವರಲ್ಲಿ’ ಎಂದೆ. ಆ ಕೆಲವರು ಯಾರು? ಇದಕ್ಕೆ ಉತ್ತರ ಹುಡುಕಲು ಲೋ ಮತ್ತು ಸಂಗಡಿಗರು ಶ್ರೀಲಂಕಾಕ್ಕೆ ಬಂದರು. ಅಲ್ಲಿನ ಚಹಾ ತೋಟಗಳಲ್ಲಿ, ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಹೋದ ಕೂಲಿಗಳ ಮೊಮ್ಮಕ್ಕಳು ಮರಿಮಕ್ಕಳು ಕೆಲಸ ಮಾಡುತ್ತಿದ್ದರು. ಅವರಿಗೆ ಹಲ್ಲುಜ್ಜುವ ರೂಢಿ ಇರಲಿಲ್ಲ, ದಂತವೈದ್ಯರ ಮುಖ ಕಂಡಿರಲಿಲ್ಲ. ಇನ್ನೊಂದು ವಿಶೇಷ, ಅವರಲ್ಲಿ ಹುಳುಕು ಹಲ್ಲು ಬಹುತೇಕ ಇರಲೇ ಇಲ್ಲ. ಅಂದರೆ ಹಲ್ಲು ಬಿದ್ದರೆ ಅದು ಒಸಡಿನ ಕಾಯಿಲೆಯಿಂದಲೇ. 1970ರಲ್ಲಿ 480 ಗಂಡಸರನ್ನು ಪರೀಕ್ಷಿಸಿ, ಮತ್ತೆ ಮತ್ತೆ ಅದೇ ಜನರನ್ನು ನೋಡುತ್ತ 1985ರವರೆಗೆ ಬಂದರು.

ಎಲ್ಲರ ಹಲ್ಲಿನ ಮೇಲೂ ದಪ್ಪ ಪಾಚಿ, ಗಾರೆ. ಒಸಡಿನ ಉರಿಯೂತ ಹೆಚ್ಚು ಕಡಿಮೆ ಎಲ್ಲರಿಗೂ. ಹಾಗಿದ್ದ ಮೇಲೆ ಎಲ್ಲರ ಗತಿಯೂ ಒಂದೇ ಆಗಬೇಕಿತ್ತಲ್ಲವೆ? ಆಗಲಿಲ್ಲ. ನೂರರಲ್ಲಿ 8 ಮಂದಿಗೆ ಕಾಯಿಲೆ ನಾಗಾಲೋಟದಲ್ಲಿ ಸಾಗಿತ್ತು. ಈ ಗುಂಪಿನವರು 35ನೆಯ ವಯಸ್ಸಿಗೆ ಸರಾಸರಿ 12 ಹಲ್ಲು, 40ಕ್ಕೆ 20 ಹಲ್ಲು ಕಳೆದುಕೊಂಡಿದ್ದರು. 45ಕ್ಕೆ ಬಾಯಿ ಬೋಳು. 81 ಮಂದಿಯಲ್ಲಿ ಅದು ಮಧ್ಯಮ ಗತಿಯಲ್ಲಿತ್ತು, 45ರ ಹೊತ್ತಿಗೆ ಸರಾಸರಿ 7 ಹಲ್ಲು ಹೋಗಿದ್ದವು. ಉಳಿದ 11 ಮಂದಿಗೆ ಅದೇ ಪಾಚಿ, ಅದೇ ಗಾರೆ, ಅದೇ ಕೆಂಪು ಒಸಡು. ಆದರೆ ಕಾಯಿಲೆ ಒಸಡು ದಾಟಿ ಮೂಳೆಗೆ ಇಳಿಯಲಿಲ್ಲ. ಹಲ್ಲು ಬೀಳಲಿಲ್ಲ.

ನನ್ನ ದೃಷ್ಟಿಯಲ್ಲಿ ಆರ್ಹುಸಿನ ಪ್ರಯೋಗಕ್ಕಿಂತಲೂ ಯೋಚನೆಗೆ ಹಚ್ಚುವುದು ಈ ಅಂಕಿಗಳು. ಕಿಡಿ ಒಂದೇ, ಮನೆಗಳು ಬೇರೆ ಬೇರೆ. ಒಬ್ಬನ ಶರೀರ ನಾಲ್ಕು ಬಿಂದಿಗೆ ನೀರಿನಲ್ಲಿ ಆರಿಸುವ ಬೆಂಕಿಗೆ ಇನ್ನೊಬ್ಬನ ಶರೀರ ಮಾಡನ್ನೇ ಕಿತ್ತು ಹಾಕುತ್ತದೆ. ‘ನಮ್ಮಜ್ಜ ಹಲ್ಲೇ ಉಜ್ಜುತ್ತಿರಲಿಲ್ಲ, ತೊಂಬತ್ತರಲ್ಲೂ ಕಬ್ಬು ಸಿಗಿಯುತ್ತಿದ್ದರು’ ಎನ್ನುವವರನ್ನು ನೀವು ಕೇಳಿರುತ್ತೀರಿ. ಸುಳ್ಳಲ್ಲ. ಅಜ್ಜ ಆ 11 ಮಂದಿಯಲ್ಲಿ ಒಬ್ಬರಿರಬಹುದು. ಮೊಮ್ಮಗನೂ ಅದೇ ಗುಂಪಿನವನು ಎಂದು ಯಾರೂ ಬರೆದುಕೊಡಲಾರರು.

ಬ್ಯಾಕ್ಟೀರಿಯಗಳ ಪೈಕಿ ಒಂದಂತೂ ನಮ್ಮ ಶರೀರದ ಈ ಸ್ವಭಾವವನ್ನು ಚೆನ್ನಾಗಿ ಬಲ್ಲದು. ಅದರ ಹೆಸರು ಉದ್ದ, ಪಾರ್ಫಿರೊಮೊನಾಸ್ ಜಿಂಜಿವ್ಯಾಲಿಸ್. ಪಾಚಿಯಲ್ಲಿ ಇದು ಇರುವುದು ಅಲ್ಪಸ್ವಲ್ಪ. ಹೀಗಿರುವಾಗ ಮುಖ್ಯ ಆರೋಪಿ ಇದೇ ಹೇಗಾದೀತು? 2011ರಲ್ಲಿ ಅಮೆರಿಕದಲ್ಲಿ ಜಾರ್ಜ್ ಹಾಜಿಶೆಂಗಾಲಿಸ್ ಮತ್ತು ಸಂಗಡಿಗರು ಇಲಿಗಳಲ್ಲಿ ಇದನ್ನು ಪರೀಕ್ಷಿಸಿದರು. ಸಾಮಾನ್ಯ ಇಲಿಗಳ ಬಾಯಿಗೆ ಈ ಬ್ಯಾಕ್ಟೀರಿಯವನ್ನು ಅತ್ಯಲ್ಪ ಪ್ರಮಾಣದಲ್ಲಿ ಬಿಟ್ಟಾಗ ಬಾಯಿಯ ಉಳಿದ ಬ್ಯಾಕ್ಟೀರಿಯಗಳ ಸಂಖ್ಯೆ ಏರಿತು, ಜಾತಿಗಳ ಲೆಕ್ಕಾಚಾರ ಬದಲಾಯಿತು, ಮೂಳೆ ಕರಗಿತು. ಹುಟ್ಟಿನಿಂದ ಒಂದು ಬ್ಯಾಕ್ಟೀರಿಯವೂ ಸೋಕದಂತೆ ಸಾಕಿದ ಇಲಿಗಳಿಗೆ ಇದೊಂದನ್ನೇ ಬಿಟ್ಟರು. ಬಾಯಲ್ಲಿ ಅದು ನೆಲೆಸಿತು, ಆದರೆ ಮೂಳೆಗೆ ಏನೂ ಆಗಲಿಲ್ಲ. ಅಂದರೆ ಇದು ಕೈಯಾರೆ ಕೊಲ್ಲುವುದಿಲ್ಲ, ಊರನ್ನು ಎತ್ತಿಕಟ್ಟುತ್ತದೆ.

ಇದರ ಉಪಾಯ ಕುತೂಹಲಕರ. ನಮ್ಮ ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳ ಸಾಲೊಂದಿದೆ. ಈ ಬ್ಯಾಕ್ಟೀರಿಯ ತನ್ನ ಕಿಣ್ವದಿಂದ ಅವುಗಳಲ್ಲಿ ಒಂದನ್ನು ಕತ್ತರಿಸಿ, ಆ ತುಣುಕಿನ ಮೂಲಕವೇ ನ್ಯೂಟ್ರೊಫಿಲ್‌ನ ಕೊಲ್ಲುವ ಶಕ್ತಿಯನ್ನು ಕುಂದಿಸುತ್ತದೆ. ಆದರೆ ಉರಿಯೂತವನ್ನು ಆರಲು ಬಿಡುವುದಿಲ್ಲ. ಏಕೆಂದರೆ ಉರಿಯೂತವೇ ಅದರ ಅಡುಗೆಮನೆ. ಒಡೆದ ಕೊಲಾಜೆನ್ ಚೂರುಗಳು, ಸೋರಿದ ರಕ್ತದ ಕಬ್ಬಿಣ, ಅದಕ್ಕೆ ಬೇಕಾದ ಆಹಾರವೆಲ್ಲ ಬರುವುದು ಅಲ್ಲಿಂದ. ಸೈನಿಕನ ಕೈಯ ಕತ್ತಿಯನ್ನು ಕಸಿದು, ನಗಾರಿ ಬಾರಿಸುವುದನ್ನು ಮಾತ್ರ ಮುಂದುವರಿಸು ಎಂದ ಹಾಗೆ. ಈಗ ಆ ಮೂರನೆಯ ಉತ್ತರವನ್ನು ಮತ್ತೊಮ್ಮೆ ಯೋಚಿಸಿ. ರಕ್ತ ಬರುವ ಜಾಗವನ್ನು ಬಿಟ್ಟು ಉಜ್ಜುವುದೆಂದರೆ ಇಂಥವರಿಗೆ ದಿನವೂ ಎಲೆ ಹಾಕಿ ಬಡಿಸಿದಂತೆ.

ಶರೀರದ ಪ್ರತಿಕ್ರಿಯೆ ಹದ ತಪ್ಪಲು ಬೇರೆ ಕಾರಣಗಳೂ ಇವೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಒಸಡಿನ ಕಾಯಿಲೆ ಹೆಚ್ಚು, ತೀವ್ರವೂ ಹೌದು. ತಿರುಗಿ, ಒಸಡಿನ ಉರಿಯೂತ ರಕ್ತದ ಸಕ್ಕರೆಯನ್ನು ಹತೋಟಿಗೆ ತರುವುದನ್ನು ಕಷ್ಟ ಮಾಡುತ್ತದೆ. ಒಸಡಿಗೆ ಸರಿಯಾದ ಚಿಕಿತ್ಸೆ ಆದವರಲ್ಲಿ ಮೂರು ನಾಲ್ಕು ತಿಂಗಳ ಸಕ್ಕರೆಯ ಸರಾಸರಿ ಸ್ವಲ್ಪ ಮಟ್ಟಿಗೆ ಇಳಿಯುತ್ತದೆ. ಬಸುರಿಯರಲ್ಲಿ ಹಾರ್ಮೋನುಗಳ ಏರಿಕೆಯಿಂದ ಅಷ್ಟೇ ಪಾಚಿಗೆ ಒಸಡು ಹೆಚ್ಚು ಊದುತ್ತದೆ. ತಂಬಾಕಿನದು ಇನ್ನೊಂದು ಮೋಸ. ಬೀಡಿ ಸಿಗರೇಟು ಸೇದುವವರ ಒಸಡಿನಲ್ಲಿ ರಕ್ತ ಬರುವುದು ಕಡಿಮೆ. ಕಾಯಿಲೆ ಕಡಿಮೆ ಎಂದಲ್ಲ, ಎಚ್ಚರಿಕೆಯ ಗಂಟೆಗೇ ಬಟ್ಟೆ ಸುತ್ತಿದಂತೆ. ಒಳಗೆ ಮೂಳೆ ಬೇರೆಯವರಿಗಿಂತ ಬೇಗ ಕರಗುತ್ತಿರುತ್ತದೆ. ಅಪರೂಪಕ್ಕೆ ‘ಸಿ’ ಜೀವಸತ್ವದ ತೀವ್ರ ಕೊರತೆ, ರಕ್ತದ ಕಾಯಿಲೆ, ರಕ್ತ ತೆಳು ಮಾಡುವ ಮಾತ್ರೆಗಳಿಂದಲೂ ಒಸಡಿನಲ್ಲಿ ರಕ್ತ ಬರುವುದುಂಟು.

ಇನ್ನು ಮಾಡುವುದೇನು? ಪಾಚಿ ಅಂಟಿನ ಗೂಡು, ಆದ್ದರಿಂದ ನೀರು ಮುಕ್ಕಳಿಸಿದರೆ ಕದಲದು. ಬಂಡೆಯ ಪಾಚಿ ಮಳೆಗೆ ಹೋಗುತ್ತದೆಯೆ? ಉಜ್ಜಿಯೇ ತೆಗೆಯಬೇಕು. ಔಷಧಿ ಅಂಗಡಿಯ ಕ್ಲೋರ್‌ಹೆಕ್ಸಿಡಿನ್ ದ್ರಾವಣ ಪಾಚಿ ಕೂಡುವುದನ್ನು ತಡೆಯುತ್ತದೆಂದು ಲೋ ಅವರೇ 1970ರಲ್ಲಿ ತೋರಿಸಿದ್ದರು. ಆದರೆ ಬಹಳ ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ರುಚಿ ಕೆಡುತ್ತದೆ. ವೈದ್ಯರು ಹೇಳಿದಷ್ಟು ದಿನ ಸಾಕು. ಬೇವಿನ ಕಡ್ಡಿಯೋ ಬ್ರಷ್ಷೋ ಎಂಬ ವಾದದಲ್ಲಿ ನನಗೆ ಆಸಕ್ತಿಯಿಲ್ಲ. ತಲುಪಬೇಕಾದ ಜಾಗಕ್ಕೆ ಯಾವುದು ತಲುಪುತ್ತದೆ ಎಂಬುದಷ್ಟೇ ಮುಖ್ಯ. ಆ ಜಾಗ ಹಲ್ಲಿನ ಹೊಳೆಯುವ ಮುಖವಲ್ಲ, ಹಲ್ಲು ಒಸಡು ಕೂಡುವ ಗೆರೆ. ಮೆತ್ತನೆಯ ಬ್ರಷ್ಷನ್ನು ಆ ಗೆರೆಗೆ ಓರೆಯಾಗಿ ಹಿಡಿದು ಮೆಲ್ಲಗೆ ಆಡಿಸಬೇಕು, ಒಳಬದಿಗೂ ಸಹ. ಎರಡು ಹಲ್ಲುಗಳ ನಡುವೆ ಬ್ರಷ್ಷು ಹೋಗದು, ಅಲ್ಲಿಗೆ ದಂತದ ನೂಲೋ ಸಣ್ಣ ಸಂದಿ ಬ್ರಷ್ಷೋ ಬೇಕು. ಇದ್ದಿಲು, ಇಟ್ಟಿಗೆ ಪುಡಿ ಮಾತ್ರ ಬೇಡ, ಹಲ್ಲನ್ನೇ ಸವೆಸುತ್ತವೆ. ಪಾಚಿಯನ್ನು ಪೂರ್ತಿ ತೆಗೆಯುವವರಲ್ಲಿ 48 ಗಂಟೆಗೊಮ್ಮೆ ತೆಗೆದರೂ ಒಸಡು ಆರೋಗ್ಯವಾಗಿ ಉಳಿದದ್ದುಂಟು. ಆದರೆ ನಾವು ಯಾರೂ ಒಂದೇ ಸಲಕ್ಕೆ ಪೂರ್ತಿ ತೆಗೆಯುವಷ್ಟು ಜಾಣರಲ್ಲ. ಹೀಗಾಗಿ ದಿನಕ್ಕೆ ಎರಡು ಸಲ ಎನ್ನುವುದು.

ತೆಗೆಯದೆ ಬಿಟ್ಟ ಪಾಚಿಗೆ ಜೊಲ್ಲಿನ ಸುಣ್ಣದಂಶ ಸೇರಿ ಅದು ಗಾರೆಯಾಗುತ್ತದೆ. ಗಾರೆಯನ್ನು ಮನೆಯಲ್ಲಿ ತೆಗೆಯಲಾಗದು, ದಂತವೈದ್ಯರೇ ಆಗಬೇಕು. ಇಲ್ಲಿ ನಮ್ಮ ಜನಕ್ಕೆ ಒಂದು ಭಯ ಇದೆ. ‘ಹಲ್ಲು ಕ್ಲೀನ್ ಮಾಡಿಸಿದ ಮೇಲೆ ಸಂದಿ ಬಿಟ್ಟಿತು, ಹಲ್ಲು ಸಡಿಲವಾಯಿತು’ ಎಂಬ ಕಾಗದ ಎಷ್ಟು ಬಂದಿವೆಯೋ. ಗಾರೆ ಕಿತ್ತಾಗ ಊತ ಇಳಿದು, ಅದುವರೆಗೆ ಮುಚ್ಚಿಹೋಗಿದ್ದ ಸಂದು ಕಣ್ಣಿಗೆ ಬೀಳುತ್ತದೆ. ಗಾರೆಯೇ ಗೋಡೆಯಂತೆ ಹಿಡಿದಿದ್ದ ಹಲ್ಲು ತನ್ನ ನಿಜವಾದ ಬಲವನ್ನು ತೋರಿಸುತ್ತದೆ. ಮೂಳೆ ಹೋದದ್ದು ಹಿಂದಿನ ವರ್ಷಗಳಲ್ಲಿ, ಕ್ಲೀನ್ ಮಾಡಿದ ಅರ್ಧ ಗಂಟೆಯಲ್ಲಿ ಅಲ್ಲ.

ಇಂದು ರಾತ್ರಿಯಿಂದಲೇ ರಕ್ತ ಬರುವ ಜಾಗವನ್ನೂ ಸೇರಿಸಿ ಉಜ್ಜಲು ನೀವು ನಿಶ್ಚಯಿಸಿದರೆ ಒಂದು ಸೂಚನೆ. ಮೊದಲ ಮೂರು ನಾಲ್ಕು ದಿನ ರಕ್ತ ಎಂದಿನಂತೆ ಬರುತ್ತದೆ, ಇನ್ನೂ ಹೆಚ್ಚೇ ಬಂದೀತು. ಹೆದರಿ ನಿಲ್ಲಿಸಬೇಡಿ. ಆರ್ಹುಸಿನವರಿಗೆ ಹಿಡಿದದ್ದು ಸುಮಾರು ಒಂದು ವಾರ. ಬಹಳ ಕಾಲದ ಪಾಚಿ ಇದ್ದರೆ ಇನ್ನೂ ಕೆಲವು ದಿನ ಬೇಕಾಗಬಹುದು. ಎರಡು ವಾರ ಕಳೆದರೂ ರಕ್ತ ನಿಲ್ಲದಿದ್ದರೆ, ಕೀವು ಕಂಡರೆ, ಹಲ್ಲು ಅಲ್ಲಾಡಿದರೆ ದಂತವೈದ್ಯರಲ್ಲಿಗೆ ಹೋಗಿ. ಅವರು ಸಂದಿನೊಳಕ್ಕೆ ಗುರುತು ಹಾಕಿದ ತೆಳುವಾದ ಕಡ್ಡಿಯೊಂದನ್ನು ಇಳಿಸಿ, ಪ್ರತಿ ಹಲ್ಲಿಗೂ ಆಳ ಎಷ್ಟು ಮಿಲಿಮೀಟರು ಎಂದು ಬರೆದುಕೊಳ್ಳುತ್ತಾರೆ. ಆ ಅಂಕಿಗಳನ್ನು ಒಂದು ಚೀಟಿಯಲ್ಲಿ ಕೇಳಿ ಪಡೆದು ಇಟ್ಟುಕೊಳ್ಳಿ, ಮುಂದಿನ ವರ್ಷ ಹೋಲಿಸಲು ಬೇಕಾಗುತ್ತದೆ.